ಗಾಡಿ ಕೊಟ್ಟರೂ ಹಗ್ಗ ಕೊಡಬಾರದು

ಹಲ್ಲು ನೋಯುವವನಿಗೆ ಊರಿನವರ ಹಲ್ಲುಗಳೇ ಕಣ್ಣಿಗೆ ಬೀಳುತ್ತವೆ; ಮಗಳಿಗೆ ವರ ಹುಡುಕುವವನಿಗೆ ಬಸ್ಸಿನಲ್ಲಿ ಕೂತ ತರುಣರೆಲ್ಲ ಅವಿವಾಹಿತರೆಂದೇ ತೋರುತ್ತಾರೆ. ನೀವೂ ಇದನ್ನು ಅನುಭವಿಸಿರಬಹುದು. ಪಿಕಪ್ ಗಾಡಿ ಕೊಳ್ಳಬೇಕೆಂದು ಹೊರಟ ನನಗೆ ಈ ಬೇಸಿಗೆಯಲ್ಲಿ ನಂದಗುಡಿಯಿಂದ ಹೊಸಕೋಟೆಯವರೆಗಿನ ರಸ್ತೆಯುದ್ದಕ್ಕೂ ಪಿಕಪ್ಪುಗಳ ಬೆನ್ನುಗಳಲ್ಲದೆ ಬೇರೇನೂ ಕಾಣದಾಯಿತು. ಮೊದಲಾದರೆ ಹಿಂಬಾಗಿಲಿನ ಮೇಲೆ ಬರೆದ ಕುಲದೇವರ ಹೆಸರನ್ನೂ 'ತಾಯಿಯ ಆಶೀರ್ವಾದ'ವನ್ನೂ ಓದಿ, ಕಾಗುಣಿತದ ತಪ್ಪು ಹುಡುಕಿ ಸಂತೋಷಪಡುತ್ತಿದ್ದವನು ಈಗ ಚಕ್ರದ ಮೇಲಿನ ಸ್ಪ್ರಿಂಗ್ ಪಟ್ಟೆಗಳ ಸಂಖ್ಯೆ, ಟಯರಿನ ಅಗಲ, ಹೊಗೆಯ ಬಣ್ಣ ಇವುಗಳನ್ನು ಅಧ್ಯಯನ ಮಾಡತೊಡಗಿದೆ. ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಸ್ಕೂಟರಿನಾಚೆಗಿನ ವಾಹನಜ್ಞಾನ ಶೂನ್ಯ. ಅಜ್ಞಾನಿಯ ಉತ್ಸಾಹಕ್ಕೆ ಬ್ರೇಕ್ ಇರುವುದಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ.

ಗಾಡಿ ಬೇಕಾಗಿದ್ದುದು ನನಗಲ್ಲ, ನನ್ನ ಹೆಂಡತಿ ಗಿರಿಜೆಗೆ. ನಂದಗುಡಿಯ ಹತ್ತಿರ ನಮ್ಮ ಹೊಲದ ಒಂದು ಮೂಲೆಯಲ್ಲಿ ಅವಳು ತರಕಾರಿ ಸಸಿಗಳ ನರ್ಸರಿ ನಡೆಸುತ್ತಾಳೆ. ಹಸಿರು ನೆರಳುಪರದೆಯ ಕೆಳಗೆ ಟ್ರೇಗಳಲ್ಲಿ ಟೊಮೇಟೊ, ಮೆಣಸಿನಕಾಯಿ, ಕೋಸಿನ ಎಳೆಯ ಸಸಿಗಳು. ಸುತ್ತಲಿನ ಊರುಗಳ ರೈತರು ಅವುಗಳಿಗೆ ಮುಂಚಿತವಾಗಿ ಹೇಳಿಟ್ಟಿರುತ್ತಾರೆ, ಗುಣಿ ತೆಗೆಸಿ, ನೀರು ಬಿಟ್ಟು, ಆಳು ಕರೆದು ಕಾಯುತ್ತಿರುತ್ತಾರೆ. ಬಿಸಿಲೇರುವುದರೊಳಗೆ ಸಸಿ ಹೊಲ ಮುಟ್ಟಬೇಕು. ಇದು ಗಿರಿಜೆ ಕೊಟ್ಟ ಮಾತು. ಹೋದ ಬೇಸಿಗೆಯಲ್ಲಿ ನಮ್ಮ ಹಳೇ ಪಿಕಪ್ಪು ಸೂಲಿಬೆಲೆಯ ಏರಿನಲ್ಲಿ ಕುದಿದು ನಿಂತು, ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತರುವ ಹೊತ್ತಿಗೆ ಒಂದು ಹೊಲಕ್ಕಾಗುವಷ್ಟು ಸಸಿ ತಲೆ ಬಾಗಿಸಿಬಿಟ್ಟಿತ್ತು. ಆ ರೈತನಿಗೆ ಹೊಸ ಸಸಿಗಳನ್ನು ಕೊಟ್ಟದ್ದಾಯಿತು, ಆತ ಏನೂ ಅನ್ನಲಿಲ್ಲ. ಅನ್ನದಿದ್ದುದೇ ಅವಳಿಗೆ ಸಂಕಟವಾಗಿತ್ತು. "ಇನ್ನೊಂದ್ಸಲ ಹಿಂಗಾದ್ರೆ ನನ್ ಮಾತಿಗೆ ಏನ್ರೀ ಬೆಲೆ?" ಎಂದವಳು, ಗಾಡಿ ಆರಿಸುವ ಕೆಲಸವನ್ನು, ಬಿಡುವಾಗಿದ್ದಾರೆ ಎಂಬ ಒಂದೇ ಅರ್ಹತೆಯ ಮೇಲೆ, ನನಗೆ ವಹಿಸಿದಳು.

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದ ಹಿರಿಯರ ಕಾಲದಲ್ಲಿ ಪಿಕಪ್ಪು ಇರಲಿಲ್ಲ. ಇದ್ದಿದ್ದರೆ ಗಾದೆ ಇನ್ನಷ್ಟು ಉದ್ದವಾಗುತ್ತಿತ್ತು. ಕಣದಲ್ಲಿ ಕೊನೆಗೆ ಉಳಿದವು ಎರಡು ಗಾಡಿಗಳು. ಎರಡೂ ಮಧ್ಯಮ ಗಾತ್ರದವು, ಬೆಲೆಯಲ್ಲೂ ಬಣ್ಣದಲ್ಲೂ ಅಕ್ಕತಂಗಿಯರು. ಒಂದು ಉದ್ದ ಮೂತಿಯದು, ನಮ್ಮ ಹಳೆಯ ಗಾಡಿಯದೇ ವಂಶ. ಮಾರಲು ಹೋದರೆ ಜನ ಮುಗಿಬೀಳುತ್ತಾರೆ ಎಂಬ ಖ್ಯಾತಿ ಅದಕ್ಕೆ. ಇನ್ನೊಂದು ಗಿಡ್ಡ ಮೂತಿಯದು, ಕೆಟ್ಟು ನಿಂತದ್ದನ್ನು ಯಾರೂ ನೋಡಿಲ್ಲವಂತೆ, ಆದರೆ ಮಾರುವ ದಿನ ಕೇಳುವವರಿಲ್ಲ. ಹೊಸಕೋಟೆ ಸಂತೆಯ ಪಕ್ಕದ ಟೀ ಅಂಗಡಿಯಲ್ಲಿ ನಾನು ಬೆಳಗಿನ ಹೊತ್ತು ಠಿಕಾಣಿ ಹೂಡಿ, ಬಂದ ಬಂದ ಗಾಡಿಯವರನ್ನು ಪಿಎಚ್‌ಡಿ ವಿದ್ಯಾರ್ಥಿಯ ಮೌಖಿಕ ಪರೀಕ್ಷೆಯಂತೆ ಪ್ರಶ್ನಿಸಿದೆ. ಹೆತ್ತವರಿಗೆ ಹೆಗ್ಗಣ ಮುದ್ದು. ಉದ್ದ ಮೂತಿಯವರು ತಮ್ಮದೇ ಚಿನ್ನ ಎಂದರು, ಗಿಡ್ಡ ಮೂತಿಯವರು ತಮ್ಮದೇ ಅಪರಂಜಿ ಎಂದರು. ಒಬ್ಬ ಮಾತ್ರ, ಬಾಳೆಗೊನೆ ತಂದವನು, ಟೀ ಊದಿಕೊಂಡು ಕುಡಿಯುತ್ತ, "ಗಾಡಿ ವಿಷ್ಯ ಬಿಡಿ ಸಾ, ಡ್ರೈವರ್ ಹೆಂಗವ್ನೆ?" ಎಂದು ಕೇಳಿ ನನ್ನ ಸಂಶೋಧನೆಯ ದಿಕ್ಕನ್ನೇ ತಪ್ಪಿಸಿದ.

ಡ್ರೈವರ್ ಎಂದರೆ ನನ್ನ ಭಾಮೈದ ಕೃಷ್ಣಪ್ಪ. ಮಿತಭಾಷಿ, ಗೇರು ಹಾಕುವಷ್ಟೇ ಹದವಾಗಿ ಮಾತಾಡುವವನು. ಅವನನ್ನೂ ಗಿರಿಜೆಯನ್ನೂ ಕೂರಿಸಿಕೊಂಡು ಒಂದು ಸಂಜೆ ನಾನು ಮರುಮಾರಾಟ ಮೌಲ್ಯ ಎಂಬ ವಿಷಯದ ಮೇಲೆ ಸೋದಾಹರಣವಾಗಿ ಉಪನ್ಯಾಸ ಕೊಟ್ಟು, ಉದ್ದ ಮೂತಿಯದೇ ಶ್ರೇಷ್ಠ ಎಂಬ ಸಿದ್ಧಾಂತಕ್ಕೆ ತಂದು ನಿಲ್ಲಿಸಿದೆ. ಗಿರಿಜೆ ಟ್ರೇಗೆ ತೆಂಗಿನನಾರಿನ ಪುಡಿ ತುಂಬುತ್ತಿದ್ದವಳು ತಲೆಯೆತ್ತದೆ, "ಮಾರೋದು ಒಂದಿನ. ಓಡ್ಸೋದು ದಿನಾ ಅಲ್ವೇನ್ರೀ?" ಎಂದಳು. ಕೃಷ್ಣಪ್ಪ "ಊಂ" ಎಂದ. ಅಷ್ಟಕ್ಕೆ ಗಿಡ್ಡ ಮೂತಿಯದು ಗೆದ್ದಿತು. ಇಷ್ಟು ಟೀ ಕುಡಿದದ್ದು ಯಾತಕ್ಕೆ ಎಂದು ನಾನು ಆಮೇಲೆ ಯೋಚಿಸಿದ್ದುಂಟು.

ಆದರೂ ಹಳೇ ಗಾಡಿಯ ಮರುಮಾರಾಟ ಮೌಲ್ಯವನ್ನಾದರೂ ಸಾಬೀತು ಮಾಡದೆ ಬಿಡುವವನಲ್ಲ ನಾನು. ಹೊಸಕೋಟೆಯಲ್ಲಿ ಹೇಳಿದ ಬೆಲೆಗೆ ಮೂಗು ಮುರಿದು, ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಅರಿಶಿನಕುಂಟೆಯ ಹತ್ತಿರ ಹೆದ್ದಾರಿ ಪಕ್ಕದ ಅಂಗಡಿಯೊಂದರಲ್ಲಿ ಹಳೆಯದನ್ನು ತೆಗೆದುಕೊಂಡು ಹೊಸದನ್ನು ಕೊಡುವ ವ್ಯವಸ್ಥೆ ಕುದುರಿಸಿದೆ. ನಿಗದಿಯಾದ ಬೆಳಿಗ್ಗೆ ಬೇಗನೆ ನಾನೂ ಕೃಷ್ಣಪ್ಪನೂ ದೇವನಹಳ್ಳಿ, ದೊಡ್ಡಬಳ್ಳಾಪುರ ಹಾದು ಅಲ್ಲಿಗೆ ಹೋದೆವು. ಬಾಶೆಟ್ಟಿಹಳ್ಳಿಯಲ್ಲಿ ಪಾಳಿ ಮುಗಿಸಿದ ಕಾರ್ಮಿಕರ ಬೈಕುಗಳ ನಡುವೆ ನಮ್ಮ ಮುದಿಗಾಡಿ ಒಮ್ಮೆಯೂ ಕೆಮ್ಮದೆ ನಡೆದದ್ದನ್ನು ಕಂಡು, ಮಾರುವ ದಿನ ಹಸುವೂ ಒಂದು ಸೇರು ಹೆಚ್ಚಿಗೆ ಹಾಲು ಕೊಡುತ್ತದಂತೆ ಎಂದು ನಗೆಯಾಡಿದೆ. ಕೃಷ್ಣಪ್ಪ ನಗಲಿಲ್ಲ. ಗಾಡಿ ಒಪ್ಪಿಸುವಾಗ ಅವನು ಹಿಂದೆ ಹತ್ತಿ ಕಂಬಿಗೆ ಸುತ್ತಿದ್ದ ಹಗ್ಗವನ್ನು ಬಿಚ್ಚತೊಡಗಿದ. "ಭಾವ, ಈ ಹಗ್ಗ..." ಎಂದ. ಮಣ್ಣು ಮೆತ್ತಿದ, ಗಂಟು ಗಂಟಾದ ಆ ಹಗ್ಗವನ್ನು ಮಿರಮಿರ ಮಿಂಚುವ ಹೊಸ ಗಾಡಿಗೆ ತುಂಬುವುದೇ? "ಬಿಡಯ್ಯ, ಅವರಿಗೇ ಇರಲಿ, ಹೊಸದು ತಗೊಂಡ್ರಾಯ್ತು" ಎಂದು ಧಾರಾಳಿಯಾದೆ. ಹಿರಿಯರ ಮಾತು ಮೀರುವವನಲ್ಲ ಅವನು, ಇಳಿದು ಬಂದ.

ಮಧ್ಯಾಹ್ನ ಹೊಸ ಗಾಡಿ ನರ್ಸರಿಯ ಮುಂದೆ ನಿಂತಾಗ ಗಿರಿಜೆ ಆರತಿ ತಟ್ಟೆ ಹಿಡಿದು ಬಂದಳು. ಮುಂದಿನ ಗಾಜು, ಚಕ್ರ ಎಲ್ಲಕ್ಕೂ ಕುಂಕುಮವಿಟ್ಟು, ಹಿಂದಕ್ಕೆ ಹೋಗಿ ಇಣುಕಿದವಳು ಅಲ್ಲೇ ನಿಂತಳು. "ಹಗ್ಗ ಎಲ್ಲಿ?" ಎಂದು ಕೇಳಿದಳು. ನಾನು ನನ್ನ ಔದಾರ್ಯವನ್ನು ವರ್ಣಿಸಿದೆ. ಅವಳ ಮುಖ ನೋಡಿ ವರ್ಣನೆಯನ್ನು ಅರ್ಧಕ್ಕೆ ಬಿಟ್ಟೆ.

ನಮ್ಮ ಕಡೆ ಹಸು ಮಾರಿದರೆ ಹಗ್ಗ ಕೊಡುವುದಿಲ್ಲ. ಕೊಂಡವರು ತಮ್ಮ ಹಗ್ಗ ತಂದು ಕಟ್ಟಿಕೊಂಡು ಹೋಗುತ್ತಾರೆ, ಮನೆಯ ಹಗ್ಗ ಮನೆಯ ಗೂಟದಲ್ಲೇ ಉಳಿಯುತ್ತದೆ. ಹಗ್ಗ ಹೋದರೆ ಕೊಟ್ಟಿಗೆಯ ಲಕ್ಷ್ಮಿಯೂ ಅದರ ಹಿಂದೆಯೇ ಹೋಗುತ್ತಾಳೆಂಬ ನಂಬಿಕೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಗೊತ್ತಿಲ್ಲದ್ದು ಬೇರೆ. ನರ್ಸರಿ ಶುರುಮಾಡಿದಾಗ ಆ ಹಳೇ ಪಿಕಪ್ಪನ್ನು ಕೊಳ್ಳಲು ಅವಳು ತವರಿನಿಂದ ಬಂದ ಕೆಂಪಿ ಎಂಬ ಹಸುವನ್ನು ಮಾರಿದ್ದಳು. ಅಂದು ಉಳಿಸಿಕೊಂಡ ಕೆಂಪಿಯ ಹಗ್ಗವನ್ನೇ ಗಾಡಿಯ ಉದ್ದ ಹಗ್ಗದ ತುದಿಗೆ ಸೇರಿಸಿ ಗಂಟು ಹಾಕಿದ್ದಳಂತೆ. "ಕೆಂಪಿನ ಕೊಟ್ಟೆ, ಹಗ್ಗ ಉಳಿಸ್ಕೊಂಡೆ. ನೀವು ಅದನ್ನೂ ಕೊಟ್ಬಂದ್ರಲ್ರೀ" ಎಂದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಸಸಿಗಳ ಮೇಲೆ ಹೊದಿಸುವ ಪರದೆಯನ್ನು ಬಿಗಿದದ್ದು, ಬೀದಿಯ ಮದುವೆಗಳ ಮಂಚ ಬೀರು ಕಟ್ಟಿದ್ದು, ಕೆಟ್ಟು ನಿಂತ ಗಾಡಿಯನ್ನೇ ಎಳೆದು ತಂದದ್ದು ಅದೇ ಹಗ್ಗ. ಇಷ್ಟು ವರ್ಷ ಅದನ್ನು ದಾಟಿ ಓಡಾಡಿದ್ದರೂ ಆ ಗಂಟನ್ನು ನಾನು ನೋಡಿರಲಿಲ್ಲ. ಮರುದಿನ ಬೆಳಿಗ್ಗೆ ಹೊಸ ಗಾಡಿಯ ಮೊದಲ ಲೋಡು ಹೋಗಬೇಕಿತ್ತು, ಹೋದ ವರ್ಷ ಸಸಿ ಬಾಡಿಸಿಕೊಂಡ ಅದೇ ರೈತನ ಹೊಲಕ್ಕೆ. ಆ ಹಗ್ಗವಿಲ್ಲದೆ ಒಂದು ಟ್ರೇಯನ್ನೂ ಗಾಡಿಗೆ ಏರಿಸುವುದಿಲ್ಲ ಎಂದು ಗಿರಿಜೆ ಆರತಿ ತಟ್ಟೆಯೊಂದಿಗೆ ಒಳಗೆ ಹೋದಳು.

ಹೀಗೆ ಹೊಸ ಗಾಡಿಯ ಮೊದಲ ಪ್ರಯಾಣ, ಬಂದ ದಾರಿಯಲ್ಲೇ, ಜಿಲ್ಲೆಯ ಆ ತುದಿಗೆ, ಒಂದು ಹಳೇ ಹಗ್ಗಕ್ಕಾಗಿ ನಡೆಯಿತು. ಅಂಗಡಿಯಲ್ಲಿ ನಮ್ಮ ಗಾಡಿಯಿರಲಿಲ್ಲ. "ಆ ಗಾಡಿಗೆ ಮಾರ್ಕೆಟ್ ಹೆಂಗಿದೆ ಗೊತ್ತಾ ಸಾರ್, ನಿಲ್ಲೋದೇ ಇಲ್ಲ. ನೀವ್ ಹೋಗಿದ್ದೇ ತಡ, ಹೋಯ್ತು" ಎಂದು ಅಂಗಡಿಯಾತ ಅಭಿನಂದಿಸುವ ದನಿಯಲ್ಲಿ ಹೇಳಿದ. ಯಾವ ಮರುಮಾರಾಟ ಮೌಲ್ಯದ ಮೇಲೆ ನಾನು ಉಪನ್ಯಾಸ ಕೊಟ್ಟಿದ್ದೆನೋ ಅದು ಇಷ್ಟು ಬೇಗ ಫಲ ಕೊಡಬೇಕೇ! ಕೊಂಡವರು ಪಕ್ಕದ ಊರಿನ ಹನುಮಂತರಾಯಪ್ಪನೆಂಬ ಹೈನುಗಾರರಂತೆ. ಕೃಷ್ಣಪ್ಪ ಗಾಡಿ ತಿರುಗಿಸಿದ. ದಾರಿಯುದ್ದಕ್ಕೂ ನಾನು, ಹಗ್ಗ ಕೇಳಲು ಬಂದಿದ್ದೇವೆ ಎಂಬುದನ್ನು ಗೌರವಯುತವಾಗಿ ಹೇಳುವ ಬಗೆಗಳನ್ನು ಮನಸ್ಸಿನಲ್ಲೇ ತಿದ್ದಿ ತೀಡುತ್ತಿದ್ದೆ.

ಹೇಳುವ ಅಗತ್ಯವೇ ಬೀಳಲಿಲ್ಲ. ಆ ಮನೆಯ ಮುಂದೆ ನಮ್ಮ ಗಾಡಿ ಚೆಂಡುಹೂವಿನ ಹಾರ ಹಾಕಿಕೊಂಡು, ಹೊಸದಾಗಿ ಮದುವೆಯಾದ ಮುದುಕನ ಸಂಕೋಚದಲ್ಲಿ ನಿಂತಿತ್ತು. ಅದರ ಕಂಬಿಗೆ ಆಗಲೇ ಬೇರೊಂದು ಹಗ್ಗ ಸುತ್ತಿತ್ತು. ಹನುಮಂತರಾಯಪ್ಪ ಕೃಷ್ಣಪ್ಪನ ಮುಖ ನೋಡಿದ್ದೇ, "ನಂದಗುಡಿಯೋರಾ? ಅಂಗಡಿಯೋರು ನಿಮ್ಮೂರು ಹೇಳಿದ್ರು. ಬರ್ತೀರ ಅಂತ ಗೊತ್ತಿತ್ತು, ಬನ್ನಿ" ಎಂದು ಒಳಗೆ ಹೋದರು. ತೊಳೆದು, ಒಣಗಿಸಿ, ಸಿಂಬೆಯಂತೆ ಸುತ್ತಿಟ್ಟ ಹಗ್ಗವನ್ನು ತಂದು ಎರಡೂ ಕೈಯಲ್ಲಿ ನೀಡಿದರು. "ತುದೀಲಿ ಹಸೀನ್ ಹಗ್ಗ ಐತೆ ಸ್ವಾಮಿ. ಮರ್ತೋಗಿ ಬಿಟ್ಟಿರ್ತೀರ. ಇನ್ನೊಬ್ರ ಮನೆ ಹಗ್ಗ ನಮ್ಗ್ಯಾಕೆ? ಇವತ್ತು ನೀವ್ ಬರ್ದಿದ್ರೆ ನಾಳೆ ನಾನೇ ತಂದ್ಕೊಡ್ತಿದ್ದೆ." ಗುರುತಿಲ್ಲದ ಊರಿಗೆ, ನೋಡದ ಮನೆಗೆ, ಒಂದು ಹಗ್ಗ ತಲುಪಿಸಲು ಆ ಮನುಷ್ಯ ನಿಜವಾಗಿಯೂ ಬರುತ್ತಿದ್ದರು, ಅವರ ಮುಖ ನೋಡಿದರೆ ಅನುಮಾನಕ್ಕೆ ಎಡೆಯಿರಲಿಲ್ಲ. ಕೃತಜ್ಞತೆಗೆ ಸಂಸ್ಕೃತದಲ್ಲೂ ಹಳಗನ್ನಡದಲ್ಲೂ ನನಗೆ ಗೊತ್ತಿರುವ ಅಷ್ಟೂ ಪದಗಳು ಕೈಕೊಟ್ಟು, "ಏರಿನಲ್ಲಿ ಸ್ವಲ್ಪ ಬಿಸಿಯಾಗುತ್ತೆ, ನೀರು ನೋಡ್ಕೊಳ್ಳಿ" ಎಂದಷ್ಟೇ ಹೇಳಿದೆ. ಅವರು ನಕ್ಕು, ಮಜ್ಜಿಗೆ ಕುಡಿಸಿಯೇ ಕಳಿಸಿದರು.

ದೀಪ ಹಚ್ಚುವ ಹೊತ್ತಿಗೆ ಊರು ಸೇರಿದೆವು. ಗಿರಿಜೆ ಹಗ್ಗವನ್ನು ಕಣ್ಣಿಗೊತ್ತಿಕೊಂಡು, ತುದಿಯ ಗಂಟನ್ನು ಬೆರಳಿನಲ್ಲಿ ಒಮ್ಮೆ ಮುಟ್ಟಿ ನೋಡಿ, ತಾನೇ ಗಾಡಿ ಹತ್ತಿ ಕಂಬಿಗೆ ಸುತ್ತಿದಳು. "ತೊಳ್ದವ್ರೆ" ಎಂದಳು, ಅಷ್ಟೇ. ಬೆಳಿಗ್ಗೆ ನಾನು ಕಾಫಿ ಮುಗಿಸುವುದರೊಳಗೆ ಕೃಷ್ಣಪ್ಪ ಖಾಲಿ ಟ್ರೇಗಳೊಂದಿಗೆ ಹಿಂತಿರುಗಿದ್ದ. ಬಿಸಿಲು ಇನ್ನೂ ನೆರಳುಪರದೆಯ ಅಂಚಿಗೂ ಬಂದಿರಲಿಲ್ಲ.

ಈಗಲೂ ರಸ್ತೆಗಿಳಿದರೆ ನನ್ನ ಕಣ್ಣು ಪಿಕಪ್ಪುಗಳ ಬೆನ್ನಿನ ಮೇಲೆಯೇ ಹೋಗುತ್ತದೆ, ಚಾಳಿ ಬಿಡುವುದು ಸುಲಭವಲ್ಲ. ಆದರೆ ಈಗ ಪಟ್ಟೆಯನ್ನೂ ಟಯರನ್ನೂ ಕಾಗುಣಿತವನ್ನೂ ಬಿಟ್ಟು ಹಗ್ಗವನ್ನು ನೋಡುತ್ತೇನೆ. ಅದರ ತುದಿಯಲ್ಲಿ ಯಾರ ಮನೆಯ ಕೆಂಪಿ ಇದ್ದಾಳೋ ಎಂದುಕೊಳ್ಳುತ್ತೇನೆ. ಮೊನ್ನೆ ದೊಡ್ಡಬಳ್ಳಾಪುರದ ಹತ್ತಿರ ಬಸ್ಸಿನಲ್ಲಿ ಕೂತಿದ್ದಾಗ ನಮ್ಮ ಹಳೇ ಗಾಡಿ ಹಸಿರು ಹುಲ್ಲು ತುಂಬಿಕೊಂಡು, ಆ ಮನೆಯ ಹಗ್ಗ ಬಿಗಿದುಕೊಂಡು ಪಕ್ಕದಲ್ಲೇ ಹಾದುಹೋಯಿತು. ಕಿಟಕಿಯಿಂದ ಕೈ ಚಾಚಿ ನಮಸ್ಕಾರ ಮಾಡಿದೆ. ಹನುಮಂತರಾಯಪ್ಪನವರು ನೋಡಲಿಲ್ಲ. ಗಾಡಿ ಮಾತ್ರ, ನಮ್ಮ ಮನೆಯಲ್ಲಿದ್ದಾಗ ಎಂದೂ ಹತ್ತದಷ್ಟು ಸಲೀಸಾಗಿ, ಏರು ಹತ್ತಿ ಹೋಯಿತು.