ಶಿಗ್ಲಿಯ ಅಕ್ಕನ ಒಂಟಿನಳಿಗೆ ಬಂದೂಕು

ನಮ್ಮ ಅಕ್ಕ ಬಸವ್ವ ಯಾವ ಸಾಮಾನು ಕೊಳ್ಳುವಾಗಲೂ ಮೊದಲು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಕುಡುಗೋಲಾದರೆ ಕಣ್ಣು ಮುಚ್ಚಿ ಗಾಳಿಯಲ್ಲಿ ಬೀಸುವಳು. ಮೊರವಾದರೆ ಬರಿದಾಗಿಯೇ ಕೇರುವಳು. “ಕಣ್ಣು ಚಂದಕ್ಕ ಮರುಳಾಗತಾವ. ಕೈಗೆ ಖರೆ ಗೊತ್ತಾಗತೈತಿ” ಎನ್ನುವಳು. ಬಂದೂಕನ್ನೂ ಹಾಗೆಯೇ ಆರಿಸಿದಳು.

ಅವಳನ್ನು ಶಿಗ್ಲಿಯ ಗೌಡರ ಮನೆಗೆ ಕೊಟ್ಟಿತ್ತು. ಫೌಜಿನಲ್ಲಿದ್ದ ಭಾವ ರಜೆಗೆ ಬಂದಾಗಲೆಲ್ಲ ಹೊಲದಲ್ಲಿ ಮಣ್ಣಿನ ಬಿಲ್ಲೆಗಳನ್ನು ಮೇಲಕ್ಕೆ ತೂರಿ, ಮನೆಯ ಜೋಡುನಳಿಗೆ ಬಂದೂಕಿನಿಂದ ಹೊಡೆಯಲು ಕಲಿಸಿದ್ದರು. ಆ ಬಂದೂಕು ಅವಳಿಗೆ ಉದ್ದ, ಭಾರ. ಅದು ಹೆಗಲಿಗೇರುವಷ್ಟರಲ್ಲಿ ಬಿಲ್ಲೆ ನೆಲ ಸೇರಿರುತ್ತಿತ್ತು.

ಕರ್ನಾಟಕ ಒಂದಾದ ವರ್ಷ ಗದಗಿನಲ್ಲಿ ಹಾರುಬಿಲ್ಲೆ ಹೊಡೆಯುವ ಪಂದ್ಯ ಏರ್ಪಾಡಾಯಿತು. ತಾನೂ ಹೊಡೆಯಬೇಕೆಂದು ಅಕ್ಕ ಹಟ ಹಿಡಿದಳು. ಅವಳ ಮಾವ, ಶಿಗ್ಲಿಯ ಗೌಡರು, ಗೊಣಗುತ್ತಲೇ ಅವಳ ಹೆಸರಿಗೆ ಲೈಸೆನ್ಸು ಮಾಡಿಸಿಕೊಟ್ಟರು.

ನಾನು ಆಗ ಗದಗಿನಲ್ಲಿ ಮಾಸ್ತರ. ಬಂದೂಕಿನ ಅಂಗಡಿ ತೆರೆಯುವ ಮೊದಲೇ ಅಕ್ಕನನ್ನು ಕರೆದುಕೊಂಡು ಹೋಗಿ ಬಾಗಿಲಲ್ಲಿ ನಿಂತಿದ್ದೆ. ಅಂಗಡಿಯವನು ಹೂಬಳ್ಳಿ ಕೆತ್ತಿದ ವಿಲಾಯತಿ ಜೋಡುನಳಿಗೆ ತೆಗೆದ.

“ಗೌಡ್ರ ಮನಿಗೆ ಒಪ್ಪೂ ಮಾಲ್ರೀ ಇದು.”

ಅಕ್ಕ ಸೆರಗನ್ನು ಸೊಂಟಕ್ಕೆ ಸಿಗಿಸಿ, ಎದುರುಗೋಡೆಯ ಗಡಿಯಾರವನ್ನು ಗುರಿ ಹಿಡಿದು, ಕಣ್ಣು ಮುಚ್ಚಿ, ಬಂದೂಕನ್ನು ಹೆಗಲಿಗೇರಿಸಿ ಕಣ್ಣು ತೆರೆದಳು. “ನಾ ಗಡಿಯಾರ ನೋಡಾಕತ್ತೇನಿ, ಇದು ಜಂತಿ ನೋಡಾಕತ್ತೈತಿ!”

ಹಲವು ಬಂದೂಕುಗಳನ್ನು ಹೀಗೆ ಬದಿಗಿಟ್ಟು, ಮೂಲೆಯಲ್ಲಿದ್ದ ಹಳೆಯ ಒಂಟಿನಳಿಗೆಯನ್ನು ಎತ್ತಿದಳು. ಕಣ್ಣು ತೆರೆದಾಗ ನಳಿಗೆಯ ತುದಿ ಗಡಿಯಾರದ ನಡುವಿಗೇ ನಿಂತಿತ್ತು. ಬೆಲೆಯೂ ಅರ್ಧಕ್ಕಿಂತ ಕಡಿಮೆ.

ಶಿಗ್ಲಿಗೆ ತಂದಾಗ ಗೌಡರು ನೋಡಿ ಸಿಡಿದರು. “ನಮ್ಮ ಮಾನಾ ಕಳ್ಯಾಕ ತಂದೀರೇನ್ರಿ ಮಾಸ್ತರ? ಹೊಲದಾಗ ಹಂದಿ ಬೆದರ್ಸೂ ಬಂದೂಕಿದು!”

ಬಾಗಿಲ ಮರೆಯಿಂದ ಅಕ್ಕ ಅಂದಳು: “ಬಿಲ್ಲಿ ಒಂದೊಂದ ಹಾರತೈತ್ರಿ ಮಾವಾರ. ಎರಡನೇ ನಳಗಿ ಯಾರಿಗೆ ಹೊಡ್ಯಾಕ್ರಿ?”

ಗೌಡರು ಮೀಸೆಯಲ್ಲೇ ನಕ್ಕರು. ಆದರೆ ಕರಾರು ಹಾಕಿದರು: ಅರ್ಧದಷ್ಟಾದರೂ ಬಿಲ್ಲೆ ಒಡೆಯದಿದ್ದರೆ ಬಂದೂಕು ಮರಳಿ ಅಂಗಡಿಗೆ, ಆಮೇಲೆ ಈ ಆಟದ ಮಾತೂ ಇಲ್ಲ.

ಪಂದ್ಯದ ದಿನ ಗೌಡರು ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿಸಿಕೊಂಡು ಕುಳಿತರು. ಪಕ್ಕದಲ್ಲಿ ನಾನು. ಅಕ್ಕನ ಮೊದಲ ಬಿಲ್ಲೆ ತಪ್ಪಿತು. ಎರಡನೆಯದೂ ತಪ್ಪಿತು.

“ರೊಟ್ಟಿ ಬಡಿಯೂ ಕೈಗೆ ಬಂದೂಕ್ಯಾಕಬೇ?” ಎಂದು ಹಿಂದಿನಿಂದ ಯಾರೋ ಕೂಗಿದರು.

ಆಗ ನನಗೆ ಹೊಳೆಯಿತು. ಅಂಗಡಿಯಲ್ಲಾಗಲಿ ಹೊಲದ ಅಭ್ಯಾಸದಲ್ಲಾಗಲಿ ಗೌಡರು ಇರಲಿಲ್ಲ. ಈಗ ಮಾವನ ಎದುರು ಸೊಸೆ ತಲೆತುಂಬ ಸೆರಗು ಹೊದ್ದು ನಿಂತಿದ್ದಳು. ಸೆರಗಿನ ಮಡಿಕೆ ಬಲಹೆಗಲ ಮೇಲೆ ಬಿದ್ದು ಬಂದೂಕು ಜಾರುತ್ತಿತ್ತು. ಬಂದೂಕಿನ ಅಳತೆ ನೋಡುವಾಗ ಮಾವನ ಮರ್ಯಾದೆಯನ್ನು ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ.

“ಗೌಡ್ರ, ಸೆರಗು ಅಡ್ಡ ಬರಾಕತ್ತೈತ್ರಿ” ಎಂದು ಪಿಸುಗುಟ್ಟಿದೆ.

ಗೌಡರು ಎದ್ದು, ಅಷ್ಟು ಜನರೆದುರು ಕುರ್ಚಿಯನ್ನು ತಿರುಗಿಸಿ, ಬಯಲಿಗೆ ಬೆನ್ನು ಹಾಕಿ ಕುಳಿತರು.

“ಬಸವ್ವಾ, ನಾ ಇಲ್ಲಿ ಇಲ್ಲಂತ ತಿಳಿ. ಹೊಡಿ!”

ಅಕ್ಕ ಸೆರಗನ್ನು ಸೊಂಟಕ್ಕೆ ಸಿಗಿಸಿದಳು. ಗುಂಡು ಹಾರಿತು. ಗೌಡರು ನನ್ನ ಮುಂಗೈ ಹಿಡಿದರು.

“ಒಡೀತೇನ್ರಿ ಮಾಸ್ತರ?”

“ಪುಡಿಪುಡಿ ಆತ್ರಿ.”

“ಈಗಿಂದು?”

“ಅದೂ ಆತ್ರಿ.”

ಉಳಿದದ್ದೊಂದೂ ತಪ್ಪಲಿಲ್ಲ. ಎರಡನೆಯ ಬಹುಮಾನ ಅಕ್ಕನದಾಯಿತು. ಅಂಗಡಿಯವನಿಗೆ ಗೌಡರೇ ಖಬರ ಕಳಿಸಿದರು: ಬಂದೂಕು ತಿರುಗಿ ಬರುವುದಿಲ್ಲ.

ಆಮೇಲೆ ಬದುಕಿರುವತನಕ ಗೌಡರು ಚಾವಡಿಯಲ್ಲಿ ಆ ಪಂದ್ಯವನ್ನು ಹೇಳಿದ್ದೇ ಹೇಳಿದ್ದು. ಯಾವ ಬಿಲ್ಲೆ ಎಷ್ಟು ಎತ್ತರದಲ್ಲಿ ಸಿಡಿಯಿತು, ಚೂರು ಯಾವ ಕಡೆಗೆ ಹಾರಿತು, ಎಲ್ಲ ಕಣ್ಣಾರೆ ಕಂಡವರಂತೆ. ಅಕ್ಕ ಒಳಗಿನಿಂದ ಕೇಳುತ್ತಿದ್ದಳು. ಒಮ್ಮೆಯೂ ತಿದ್ದಲಿಲ್ಲ.

ತೀರಿಕೊಳ್ಳುವ ಮುನ್ನ ಅವಳನ್ನು ಕೊನೆಯ ಸಲ ಕಂಡಾಗ ಹಾಸಿಗೆ ಹಿಡಿದಿದ್ದಳು. ಮಾತಿಗೆ ಮಾತು ಬಂದು ಕೇಳಿದೆ: “ಅಲ್ಲಬೇ ಅಕ್ಕಾ, ಒಡೆದದ್ದು ಒಂದೂ ಗೌಡ್ರು ನೋಡಲಿಲ್ಲ. ಹಂಗ ಹೇಳೂವಾಗ ನೀ ಯಾಕ ಸುಮ್ನಿರತಿದ್ದಿ?”

ಅಕ್ಕ ನಕ್ಕಳು. “ನೋಡಿದವ್ರೆಲ್ಲಾ ಅವತ್ತ ಮನಿಗೆ ಹೋಗಿ ಮರತ್ರೋ ತಮ್ಮಾ. ಮಾವಾರು ಒಬ್ರ ಸಾಯೂತನಕ ನೋಡಕೋತ ಇದ್ರು.”