ಹುಳದ ಮನೆಯಲ್ಲಿ ನೋಡಿದ ಸರ್ಕಸ್ಸು

ಇದನ್ನು ಕಟ್ಟುಕತೆ ಅನ್ನುವವರು ಮಡಕಶಿರದಿಂದ ಅಗಳಿ ಬಸ್ಸು ಹತ್ತಿ ಬನ್ನಿ. ಆ ತಟ್ಟೆ ಇನ್ನೂ ನಮ್ಮಕ್ಕನ ಮನೆಯ ಅಟ್ಟದ ಮೇಲಿದೆ. ಅಟ್ಟ ಮಾತ್ರ ನೀವೇ ಹತ್ತಿ, ನಾನು ಬರುವುದಿಲ್ಲ.

ನಮ್ಮ ಜಯಕ್ಕ ಬಿದಿರಿನ ತಟ್ಟೆಗಳಲ್ಲಿ ರೇಷ್ಮೆ ಹುಳ ಸಾಕುತ್ತಿದ್ದಳು. ಹಿಂದಿನ ಎರಡು ಬೆಳೆ ಕೆಟ್ಟಿದ್ದವು. ಅವಳ ಅತ್ತೆ ಬೀದಿಗೆಲ್ಲ ಕೇಳುವ ಹಾಗೆ, "ಇವ್ಳ ಕೈಗುಣನೇ ಸರಿಯಿಲ್ಲ. ಇನ್ನೊಂದ್ ತಟ್ಟೆ ಕೆಟ್ರೂ ಹುಳದ ಮನೆ ಬಾಗ್ಲು ತುಳಿಯಂಗಿಲ್ಲ" ಅಂದುಬಿಟ್ಟಿದ್ದಳು. ಅಂಥ ಹೊತ್ತಿನಲ್ಲೇ ಅಕ್ಕನಿಗೆ ಚಳಿಜ್ವರ ಬಂತು. ರಾತ್ರಿ ಸೊಪ್ಪು ಹಾಕಲು ನನ್ನನ್ನು ಕರೆಸಿಕೊಂಡಳು.

"ಹತ್ಗಂಟೆಗೆ ಸರಿಯಾಗಿ ಸೊಪ್ಪಾಕೇ. ಒಳಗೆ ಸಾವಿನ ಮಾತು ಆಡ್ಬ್ಯಾಡ, ಹುಳಕ್ಕೆ ಆಗಲ್ಲ."

"ಹುಳಕ್ಕೆ ಕಿವಿ ಎಲ್ಲೈತಕ್ಕಾ?" ಅಂತ ನಕ್ಕೆ. ನನ್ನ ಬಾಯಿಗೆ ಮಣ್ಣು ಬೀಳ!

ಒಳಗೆ ಹಸಿ ಸೊಪ್ಪಿನ, ಸುಣ್ಣದ ಪುಡಿಯ ವಾಸನೆ. ಸಂಜೆ ಹಾಕಿದ ಸೊಪ್ಪನ್ನು ಹುಳಗಳು ಮೇಯುವ ಸದ್ದು... ಜಿಟಿಜಿಟಿ ಮಳೆ ಹಿಡಿದ ಹಾಗೆ. ಹೊತ್ತು ಹೋಗಲೆಂದು ಮೊಬೈಲಿನಲ್ಲಿ ಒಂದು ಹಳೇ ಕಾಲದ ಭಯದ ಸಿನಿಮಾ ಹಾಕಿದೆ. ಕಪ್ಪು ಬಿಳುಪು, ಮೂಕಿ ಚಿತ್ರ. ಮಾತೇ ಇಲ್ಲದ ಮೇಲೆ ಸಾವಿನ ಮಾತು ಎಲ್ಲಿಂದ ಬಂತು ಅಂತ ನನ್ನ ಜಾಣತನ! ಮೊಬೈಲನ್ನು ಒಂದು ತಟ್ಟೆಯ ಅಂಚಿಗೆ ಒರಗಿಸಿ ಕೂತೆ.

ಸರ್ಕಸ್ಸಿನ ಕತೆ. ಮುಖಕ್ಕೆ ಬಿಳಿ ಬಳಿದುಕೊಂಡ ಜೋಕರ್ ಮೇಲಿನಿಂದ ಬಿದ್ದು ಸಾಯುತ್ತಾನೆ. ಜನ ಅದನ್ನೂ ತಮಾಷೆ ಅಂದುಕೊಂಡು ಚಪ್ಪಾಳೆ ತಟ್ಟುತ್ತಲೇ ಇರುತ್ತಾರೆ. ಸತ್ತವನು ಎದ್ದು ಕೂರುತ್ತಾನೆ... ಚಪ್ಪಾಳೆ ನಿಲ್ಲುತ್ತದೆ. ಕೂತ ಜನರೆಲ್ಲ ಮೆಲ್ಲಗೆ ತಲೆ ಎತ್ತಿ ನನ್ನ ಕಡೆಗೇ ತಿರುಗಿದರು.

ಆಗ ಗೊತ್ತಾಯಿತು... ಆ ಮಳೆಯಂಥ ಸದ್ದೂ ನಿಂತಿತ್ತು.

ಟಾರ್ಚು ಹಾಕಿದೆ. ಮೊಬೈಲು ಒರಗಿಸಿದ್ದ ತಟ್ಟೆಯಲ್ಲಿ ಅಷ್ಟೂ ಹುಳಗಳು ತಲೆ ಎತ್ತಿ ನಿಂತಿದ್ದವು. ಪೊರೆ ಬಿಡುವಾಗ ಹುಳ ಹಾಗೆ ನಿಲ್ಲುವುದುಂಟು. ಆದರೆ ಇವು ಕಡೇ ಪೊರೆ ಬಿಟ್ಟು ನಾಲ್ಕು ದಿನವಾಗಿತ್ತು. ನಾನು ಬಾಗಿಲ ಕಡೆ ಸರಿದೆ. ತಲೆಗಳೂ ಸರಿದವು...

ಅಯ್ಯಪ್ಪಾ! ಎದ್ದೆನೋ ಬಿದ್ದೆನೋ ಅಂತ ಹೊರಗೆ ಓಡಿದೆ. ಅಕ್ಕ ಕಂಬಳಿ ಹೊದ್ದುಕೊಂಡು ನಡುಗುತ್ತಾ ಬಾಗಿಲಿಗೆ ಬಂದಳು.

"ಸೊಪ್ಪಾಕ್ದೇನೇ?"

ಗಂಟೆ ಹನ್ನೊಂದೂವರೆ. "ಹೂನಕ್ಕಾ" ಅಂದೆ. ಮತ್ತೆ ಒಳಗೆ ಹೋಗುವ ಧೈರ್ಯ ನನಗಿರಲಿಲ್ಲ.

ಬೆಳಿಗ್ಗೆ ನೋಡಿದರೆ ಆ ಒಂದು ತಟ್ಟೆಯ ಹುಳಗಳು ತಲೆ ಎತ್ತಿಕೊಂಡೇ ಸತ್ತಿದ್ದವು. ಹಸಿವಿಗೆ ಸತ್ತವು ಅನ್ನೋಣವೆಂದರೆ, ಉಳಿದ ತಟ್ಟೆಗಳಿಗೂ ನಾನು ಸೊಪ್ಪು ಹಾಕಿರಲಿಲ್ಲ. ಅವೆಲ್ಲ ಚೆನ್ನಾಗಿ ಗೂಡು ಕಟ್ಟಿದವು.

ಅತ್ತೆ ಅಂದೇ ಆ ತಟ್ಟೆಯನ್ನು ಅಟ್ಟಕ್ಕೆ ಎಸೆದು, ಅಕ್ಕನ ಸೊಂಟದಿಂದ ಹುಳದ ಮನೆಯ ಬೀಗದ ಕೈ ಕಿತ್ತುಕೊಂಡಳು. ಅಕ್ಕ ಈಗ ಬೇರೆಯವರ ಹೊಲಕ್ಕೆ ಕಡಲೆಕಾಯಿ ಬಿಡಿಸಲು ಹೋಗುತ್ತಾಳೆ. ಮೊನ್ನೆ ನಾನು ಅವಳ ಮನೆಗೆ ಹೋಗಿದ್ದಾಗ ತನ್ನ ಕೈ ತಾನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾ ಕೂತಿದ್ದಳು.

"ನನ್ ಕೈಯಾಗೇ ಏನೋ ಐತೆ ಕಣೇ," ಅಂದಳು.

ಹೊರಗೆ ಸೋನೆ ಮಳೆ ಬೀಳುತ್ತಿತ್ತು. ತಪ್ಪು ನಂದು ಅಂತ ಹೇಳಿಬಿಡೋಣ ಎಂದು ಬಾಯಿ ತೆರೆದೆ... ಮಳೆ ತಟ್ಟನೆ ನಿಂತಿತು, ಆ ರಾತ್ರಿ ಹುಳ ಮೇಯುವ ಸದ್ದು ನಿಂತ ಹಾಗೇ. ಅಟ್ಟದ ಕಡೆ ನೋಡದೆ ಎದ್ದು ಬಂದೆ.