ಬುಧವಾರ ಬರುತ್ತಿದ್ದ ಟೀಚರ್

ಬೋರಲು ಮಲಗಿದ ಹೆಂಗಸರು ಬಹಳ ಮಾತಾಡುತ್ತಾರೆ. ಮುಖ ಕಾಣುವುದಿಲ್ಲವೆಂಬ ಧೈರ್ಯವೋ, ಬಿಸಿನೀರಿನ ಹಬೆಯ ಗುಣವೋ, ಹೆತ್ತ ತಾಯಿಗೂ ಹೇಳದ್ದನ್ನು ಬೆನ್ನುಜ್ಜುವ ನನಗೆ ಹೇಳಿಬಿಡುತ್ತಾರೆ. ಚೀನಾದ ಈಶಾನ್ಯ ಮೂಲೆಯಲ್ಲಿ, ಮುದಾನ್ ನದಿಯ ದಂಡೆಯಲ್ಲಿರುವ ನಮ್ಮ ಸ್ನಾನಗೃಹದಲ್ಲಿ, ಹೆಂಗಸರ ಕಡೆಯ ಉಜ್ಜುವ ಕೆಲಸ ಇಪ್ಪತ್ತೆರಡು ವರ್ಷದಿಂದ ನನ್ನದೇ. ಮೊರಾಗ್ ಟೀಚರ್ ಸಂಗತಿ ನನಗೆ ತಿಳಿದದ್ದೂ ಹೀಗೆಯೇ, ವಾರಕ್ಕೊಂದಿಷ್ಟು, ಅವಳ ಅರೆಬರೆ ಚೀನೀ ಮಾತಿನಲ್ಲಿ.

ಅವಳು ಸ್ಕಾಟ್ಲೆಂಡಿನವಳು. ವಯಸ್ಸು ನಲವತ್ಮೂರು. ಹಿಂದಿನ ಚಳಿ ಇಳಿಯುವ ಹೊತ್ತಿಗೆ, ಹೈಸ್ಕೂಲಿನ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಒಂದು ವರ್ಷದ ಕರಾರಿನ ಮೇಲೆ ಬಂದಿದ್ದಳು. ಅಲ್ಲಿ ತಾಯಿ ತೀರಿಕೊಂಡಿದ್ದಳು, ಇದ್ದ ಮನೆಯನ್ನು ಅಣ್ಣ ಮಾರಿದ್ದ. ಇಲ್ಲೇ ನೆಲೆ ನಿಲ್ಲುವ ಆಸೆ ಅವಳಿಗಿತ್ತು.

ಆದರೆ ಜನ ಬೇಕಲ್ಲ. ಜನ ಇಲ್ಲವೆಂದಲ್ಲ, ಅವಳ ಫೋನಿನಲ್ಲಿ ಮುನ್ನೂರು ಹೆಸರಿದ್ದವು. ಹುಟ್ಟಿದಹಬ್ಬದ ದಿನ ಆ ಮುನ್ನೂರರಲ್ಲಿ ಬಹುಪಾಲು ಮಂದಿ ಕೇಕಿನ ಚಿತ್ರ ಕಳಿಸಿದ್ದರು. ಕೇಕು ತಿನ್ನಲು ಒಬ್ಬರೂ ಬರಲಿಲ್ಲ. ಸ್ಕೂಲಿನ ಟೀಚರುಗಳು "ಒಂದಿನ ಮನೆಗೆ ಬಾ" ಎನ್ನುತ್ತಿದ್ದರಂತೆ. ಯಾವ ದಿನವೆಂದು ಇವಳು ತಿಂಗಳುಗಟ್ಟಲೆ ಕಾದಳು. ಕೊನೆಗೆ ತಾನೇ ಐವರನ್ನು ಸ್ಕೂಲಿನ ಹಿಂದಿನ ಮೂರನೇ ಮಹಡಿಯ ತನ್ನ ಮನೆಗೆ ಊಟಕ್ಕೆ ಕರೆದಳು. ಐವರೂ ಒಟ್ಟಿಗೆ ಬಂದು, ಒಂದು ಬುಟ್ಟಿ ಹಣ್ಣು ಕೊಟ್ಟು, ಫೋಟೋ ತೆಗೆಸಿಕೊಂಡು, ಮುಕ್ಕಾಲು ಗಂಟೆಯಲ್ಲಿ ಒಟ್ಟಿಗೇ ಎದ್ದು ಹೋದರು. ಭಾನುವಾರಗಳಲ್ಲಿ ಅವಳು ಮೂರು ಅಂಗಡಿಗೆ ಹೋಗಿ ಒಂದೊಂದು ಈರುಳ್ಳಿ ಕೊಳ್ಳುತ್ತಿದ್ದಳು. ಒಂದೇ ಅಂಗಡಿಯಲ್ಲಿ ಮೂರು ಕೊಂಡರೆ ಮಾತು ಒಂದೇ ಸಲ ಆಗಿಬಿಡುತ್ತದಲ್ಲ, ಅದಕ್ಕೆ.

ನವೆಂಬರಿನಲ್ಲಿ ಒಂದು ಬುಧವಾರ ಬೋರಲು ಮಲಗಿಕೊಂಡೇ ಹೇಳಿದಳು: "ದೊಡ್ಡಮ್ಮಾ, ಮುಂದಿನ ವರ್ಷದ ಕಾಗದ ಕೊಟ್ಟಿದಾರೆ. ಹೊಸವರ್ಷದ ಹಬ್ಬದ ರಜೆಗೆ ಮುಂಚೆ ಸಹಿ ಮಾಡಬೇಕು. ಒಬ್ಬರು ಸಿಕ್ಕರೆ ಮಾಡ್ತೀನಿ. ಸಿಗದಿದ್ರೆ ಹೊರಟುಹೋಗ್ತೀನಿ."

"ಒಬ್ಬರು ಅಂದ್ರೆ? ಗಂಡನಾ?"

"ಅಲ್ಲ ದೊಡ್ಡಮ್ಮಾ. ಕರೆಯದೆ ಹೋಗಬಹುದಾದ ಒಂದು ಮನೆ."

ಆ ಬೆನ್ನಿಗೆ ಎರಡು ಚೊಂಬು ನೀರು ಸುರಿದು ಕಳಿಸಿದೆ.

ಆಮೇಲೆ ಯೋಚಿಸಿದೆ. ನಮ್ಮಲ್ಲಿ ಒಂಟಿಯಾಗಿ ಸ್ನಾನಕ್ಕೆ ಬಂದ ಹೆಂಗಸರು ಒಬ್ಬರ ಬೆನ್ನು ಒಬ್ಬರು ಉಜ್ಜಿಕೊಳ್ಳುತ್ತಾರೆ. ಪರಿಚಯ ಬೇಕಾಗಿಲ್ಲ. ತನ್ನ ಹಾಗೆಯೇ ಒಬ್ಬಳೇ ನಿಂತವಳನ್ನು ನೋಡಿ "ಅಕ್ಕಾ, ಬೆನ್ನುಜ್ಜಿಕೊಳ್ಳೋಣವಾ?" ಎಂದು ಕೇಳಿದರೆ ಆಯಿತು. ಬೆನ್ನು ಮುಗಿಯುವಷ್ಟರಲ್ಲಿ ಅತ್ತೆಯ ಸಕ್ಕರೆ ಕಾಯಿಲೆ, ಮಗಳ ಪರೀಕ್ಷೆ ಎಲ್ಲ ಗೊತ್ತಾಗಿರುತ್ತದೆ. ದುಡ್ಡು ಕೊಟ್ಟು ನನ್ನ ಉಜ್ಜುವ ಮಂಚಕ್ಕೆ ಬರುವವರು ಆತುರದವರು, ವಯಸ್ಸಾದವರು. ಇವಳೋ ಬಂದ ಮೊದಲ ದಿನದಿಂದ ಗಲ್ಲಾದಲ್ಲಿ ಉಜ್ಜಿಸಿಕೊಳ್ಳುವ ಟೋಕನ್ ಕೊಂಡು ನೇರ ನನ್ನ ಹತ್ತಿರ ಬರುತ್ತಿದ್ದಳು. ನನ್ನ ಹತ್ತಿರ ಬರುವವಳನ್ನು ಬೇರೆ ಯಾರು ಕರೆಯುತ್ತಾರೆ? ಆ ಬೆನ್ನನ್ನು ಊರಿಗೆ ಸಿಗದ ಹಾಗೆ ನಾನೇ ಹಿಡಿದಿಟ್ಟುಕೊಂಡಿದ್ದೆ.

ಮುಂದಿನ ವಾರ ಟೋಕನನ್ನು ಅವಳ ಕೈಗೇ ವಾಪಸ್ ಇಟ್ಟೆ.

"ನಿನ್ನ ಬೆನ್ನು ನಾನು ಉಜ್ಜಲ್ಲ. ಅಲ್ಲಿ ನಿಂತಿದಾರಲ್ಲ, ಹೋಗಿ ಯಾರನ್ನಾದ್ರೂ ಕೇಳು."

ಅವಳ ಮುಖ ಬಿಳಿಚಿಕೊಂಡಿತು. "ನಾನೇನಾದ್ರೂ ತಪ್ಪು ಮಾಡಿದ್ನಾ?"

"ತಪ್ಪೇನಿಲ್ಲ ಕಣೇ. ಕೇಳೋದು ಕಲಿ."

"ನೀನೂ ಒಬ್ಬಳೇ ಇದೀಯಲ್ಲ. ನಿನ್ನ ಬೆನ್ನು ನಾನುಜ್ಜಲಾ?"

ನಾನು ನಕ್ಕುಬಿಟ್ಟೆ. "ನಾನು ಕೆಲಸದವಳಮ್ಮಾ. ನಾನು ಲೆಕ್ಕಕ್ಕಿಲ್ಲ. ನಡಿ, ನಡಿ."

ಎರಡು ವಾರ ಅವಳು ಕೇಳಲಿಲ್ಲ. ಒರಟು ಬಟ್ಟೆಯ ಉಜ್ಜುಚೀಲವನ್ನು ಕೈಗೆ ಹಾಕಿಕೊಂಡು ಶವರಿನ ಕೆಳಗೆ ನಿಂತು, ಗೋಡೆ ನೋಡಿ, ಹೊರಟುಹೋದಳು. ಮೂರನೇ ವಾರ ಚೂ ಯಾಫೆನ್ ಸಿಕ್ಕಳು. ಯಾಫೆನ್ ಮಾರುಕಟ್ಟೆಯಲ್ಲಿ ಮೀನು ಮಾರುವವಳು. ಬೆನ್ನು ಬಾಗಿಲಿನಷ್ಟಗಲ, ಗಂಟಲೂ ಅಷ್ಟೇ ದೊಡ್ಡದು. ಇವಳು ಕೇಳಿದ್ದೇ ತಡ, "ಬಾ ಬಾ" ಎಂದು ತಿರುಗಿ ನಿಂತಳು. ನನಗೆ ಖುಷಿಯಾಯಿತು. ಆದರೆ ಮೊರಾಗ್, ನೋವಾದೀತೆಂದು, ಎಳೆಮಗುವಿನ ಮೈ ಸವರುವ ಹಾಗೆ ಸವರಿದಳು. ಅವರ ಕಡೆ ಹಾಗೇನೋ.

"ಏನೇ ಇದು! ಹೂದಾನಿ ಧೂಳು ಒರೆಸ್ತಿದೀಯಾ?" ಯಾಫೆನ್ ಕೂಗಿದಳು. "ನೋಡ್ರೇ, ಟೀಚರಮ್ಮ ನನ್ನ ಬೆನ್ನ ಮೇಲೆ ಪಾಠ ಬರೀತಿದಾಳೆ! ಅಳಿಸಿಬಿಡೇ, ನನಗೆ ಓದೋಕೆ ಬರಲ್ಲ!"

ಇಡೀ ಸ್ನಾನಗೃಹ ನಕ್ಕಿತು. ನಾನೂ ನಕ್ಕೆ, ಸುಳ್ಳು ಹೇಳುವುದಿಲ್ಲ. ಆ ನಗೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಮ್ಮಲ್ಲಿ ಹಂಗಿಸುವುದೆಂದರೆ ಹತ್ತಿರ ಕೂರಿಸಿಕೊಂಡ ಹಾಗೆ. ಅದು ಅವಳಿಗೆ ಹೇಗೆ ಗೊತ್ತಾಗಬೇಕು? ಉಜ್ಜುಚೀಲ ತೊಳೆದು ನಲ್ಲಿಗೆ ನೇತುಹಾಕಿ, ತಲೆಯ ಸೋಪು ಸರಿಯಾಗಿ ಹೋಗುವ ಮೊದಲೇ ಹೊರಗೆ ಹೋದಳು.

ಅದಾದ ಮೇಲೆ ಮೂರು ಬುಧವಾರ ಅವಳು ಬರಲಿಲ್ಲ. ನದಿ ದಡದಿಂದ ದಡಕ್ಕೆ ಹೆಪ್ಪುಗಟ್ಟಿತ್ತು. ಮಧ್ಯಾಹ್ನ ಎರಡಾದರೆ ನನ್ನ ಕಣ್ಣು ಬಾಗಿಲ ದಪ್ಪ ಪರದೆಯ ಮೇಲೆ. ಗಲ್ಲಾದಲ್ಲಿ ಕೂರುವ ಪಾಂಗ್, "ನಿಂಗ್ಯಾಕಕ್ಕಾ ಅಷ್ಟು ಚಿಂತೆ? ಸೊಸೆ ಓಡಿಹೋದ ಹಾಗೆ ಕೂತಿದೀಯ" ಎಂದು ರೇಗಿಸಿದಳು. ಯಾಫೆನ್ ಕೂಡ ಒಂದು ಸಲ ಕೇಳಿದಳು: "ಎಲ್ಲಿ ನಮ್ಮ ಹೂದಾನಿ ಟೀಚರು?" ಗೊತ್ತಿಲ್ಲವೆಂದೆ.

ನಾಲ್ಕನೇ ಬುಧವಾರ ಬಂದಳು. ಕೆನ್ನೆ ಒಳಗೆ ಹೋಗಿತ್ತು. ನನ್ನ ಮಂಚದ ಮೇಲೆ ಬೇರೊಬ್ಬ ಮುದುಕಿ ಇದ್ದಳು, ಎದ್ದು ಹೋಗುವಂತಿರಲಿಲ್ಲ. ಹಬೆಯ ನಡುವೆ ನೋಡುತ್ತಿದ್ದೆ. ಒಬ್ಬಳನ್ನು ಕೇಳಿದಳು. "ನಂದಾಯ್ತಮ್ಮ" ಎಂದಳು ಅವಳು. ಇನ್ನೊಬ್ಬಳನ್ನು ಕೇಳಿದಳು. ಆಕೆ ತಂಗಿ ಬರುತ್ತಾಳೆಂದಳು. ಇನ್ನು ಹೊರಟುಹೋಗುತ್ತಾಳೆ ಎಂದುಕೊಳ್ಳುವಷ್ಟರಲ್ಲಿ ಬಿಸಿನೀರಿನ ತೊಟ್ಟಿಯಿಂದ ಯಾಫೆನ್ ಎದ್ದು ಬಂದಳು.

"ಎಲ್ಲೇ ಸತ್ತಿದ್ದೆ ಇಷ್ಟು ದಿನ? ಬಾ ಇಲ್ಲಿ. ಇವತ್ತು ಸರಿಯಾಗಿ ಉಜ್ಜದಿದ್ರೆ ಕೈ ಮುರೀತೀನಿ."

ಮೊರಾಗ್ ಉಜ್ಜಿದಳು. ಹಲ್ಲು ಕಚ್ಚಿ, ಎರಡೂ ಕೈಯಿಂದ, ಅಳುತ್ತಾ ಉಜ್ಜಿದಳು. ಕೊಳೆ ಸುರುಳಿ ಸುರುಳಿಯಾಗಿ ಬಿದ್ದು ಬೆನ್ನು ಕೆಂಡದ ಹಾಗಾಯಿತು.

"ಅಯ್ಯಯ್ಯೋ, ಚರ್ಮ ಉಳಿಸೇ, ಗಂಡನಿಗೆ ಗುರುತು ಸಿಗಬೇಕು!" ಎಂದು ಕೂಗಿದ ಯಾಫೆನ್ ಅವಳನ್ನು ತಿರುಗಿಸಿ ನಿಲ್ಲಿಸಿಕೊಂಡು ತಾನು ಉಜ್ಜತೊಡಗಿದಳು. "ಮದುವೆ ಆಗಿದ್ಯಾ?"

"ಆಗಿತ್ತು. ಬಿಟ್ಟುಹೋದ."

"ಅವನ ಮುಖಕ್ಕಿಷ್ಟು! ಅಮ್ಮ?"

"ಹೋದ್ಲು. ಮೀನು ಕೊಯ್ಯೋ ಕಾರ್ಖಾನೇಲಿ ಕೆಲಸ ಮಾಡ್ತಿದ್ಲು."

ಯಾಫೆನಳ ಕೈ ನಿಂತಿತು. "ಮೀನಾ? ಇದನ್ನ ಮೊದಲೇ ಬೊಗಳೋದಲ್ವೇನೇ! ಭಾನುವಾರ ಮನೆಗೆ ಬಾ, ಹುಳಿ ಎಲೆಕೋಸಿನ ಕಡುಬು ಮಾಡ್ತೀನಿ."

"ಎಷ್ಟು ಗಂಟೆಗೆ ಅಕ್ಕ?"

"ಗಂಟೆ ಏನೇ ಗಂಟೆ? ಬಂದಾಗ ಬಾ. ಹಬ್ಬಕ್ಕೂ ಬಾ. ಬಾಗಿಲು ತೆಗೆದೇ ಇರತ್ತೆ."

ಮುದುಕಿಯ ಬೆನ್ನನ್ನು ಹೇಗೆ ಮುಗಿಸಿದೆನೋ. ಕೈ ಒರೆಸಿಕೊಂಡು ಬಟ್ಟೆ ಬದಲಿಸುವ ಕೋಣೆಗೆ ಓಡಿದೆ. ಮೊರಾಗ್ ಬೆಂಚಿನ ಮೇಲೆ ಕೂತಿದ್ದಳು, ಒಂದು ಕಾಲಿಗೆ ಕಾಲುಚೀಲ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು.

"ಸಿಕ್ಕಿದ್ಲಲ್ಲೇ! ನಾಳೆನೇ ಸಹಿ ಮಾಡು."

"ಸೋಮವಾರವೇ ಕಾಗದ ವಾಪಸ್ ಕೊಟ್ಟೆ ದೊಡ್ಡಮ್ಮಾ. ಸಹಿ ಮಾಡದೆ."

"ಹೋಗಿ ಕೇಳು. ಬುದ್ಧಿ ಇಲ್ಲದೆ ಕೊಟ್ಟೆ ಅನ್ನು."

"ಬೇರೆಯವರನ್ನ ನಿನ್ನೆ ಗೊತ್ತು ಮಾಡಿದಾರೆ. ನನ್ನ ಟಿಕೆಟ್ ಬಂತು. ಮುಂದಿನ ಬುಧವಾರ ಬೆಳಿಗ್ಗೆ ಟ್ರೇನು. ಇವತ್ತು ಸುಮ್ಮನೆ ಬಂದೆ, ನಿನಗೆ ಹೇಳಿ ಹೋಗೋಣ ಅಂತ."

ಅವಳ ಕೈಯಲ್ಲಿದ್ದ ಕಾಲುಚೀಲವನ್ನು ತೆಗೆದುಕೊಂಡು ನಾನೇ ಅವಳ ಕಾಲಿಗೆ ಹಾಕಿದೆ.

"ಯಾಫೆನ್ ಅಕ್ಕನಿಗೆ ಹೇಳಬೇಡ. ಭಾನುವಾರ ಒಂದು ದಿನ ಹೋಗಿಬರ್ತೀನಿ. ಈ ಊರಲ್ಲೇ ಇರೋಳ ಹಾಗೆ." ಹೇಳುವುದಿಲ್ಲವೆಂದು ಮಾತು ಕೊಟ್ಟೆ.

ಆದರೂ ಮಾರನೆಯ ದಿನ ಹೋಗಿ ಕೇಳಿದಳಂತೆ. ಸ್ಕೂಲಿನವರು ಒಳ್ಳೆಯ ಮಾತಿನಲ್ಲೇ ಆಗುವುದಿಲ್ಲವೆಂದು, ಚಹಾ ಕೊಟ್ಟು ಕಳಿಸಿದರು.

ಭಾನುವಾರ ಹೋದಳು. ಸೋಮವಾರ ಮೀನು ತರಲು ಹೋದಾಗ ಯಾಫೆನ್ ನನ್ನನ್ನು ಬಿಡಲೇ ಇಲ್ಲ. "ಅಕ್ಕಾ, ಆ ಹೆಂಗಸು ಮೂವತ್ತೆಂಟು ಕಡುಬು ತಿಂದ್ಲು! ಚಾಕು ಕಸಿದುಕೊಂಡು ಮೀನು ಸೀಳಿದ್ಲು ನೋಡು, ನನ್ನ ಗಂಡ ಇಪ್ಪತ್ತು ವರ್ಷದಲ್ಲಿ ಕಲೀಲಿಲ್ಲ ಅದನ್ನ. ಹಬ್ಬಕ್ಕೆ ಮೂರು ದಿನ ನಮ್ಮಲ್ಲೇ ಇರು ಅಂದೆ. ಹೂಂ ಅಂದ್ಲು. ಅವಳಿಗೆ ಉಣ್ಣೆ ಪ್ಯಾಂಟಿಲ್ಲ ಅಕ್ಕಾ, ಈ ಚಳೀಲಿ! ಹೆಣೆಯೋಕೆ ಶುರು ಮಾಡಿದೀನಿ." ಹೇಳಲು ಬಾಯಿ ತೆರೆದೆ. ಮಾತು ಕೊಟ್ಟಿದ್ದೆನಲ್ಲ ಎಂದು ಮೀನು ಹಿಡಿದು ಬಂದುಬಿಟ್ಟೆ.

ಬುಧವಾರ ಎರಡು ಗಂಟೆಗೆ ಯಾಫೆನ್ ಬಂದಳು. ನೀರಿಗಿಳಿಯದೆ ಬೆಂಚಿನ ಮೇಲೆ ಮೊರಾಗಳಿಗಾಗಿ ಕಾದು ಕೂತಳು. ಇನ್ನು ಮುಚ್ಚಿಡಲು ನನ್ನಿಂದಾಗಲಿಲ್ಲ. ಎಲ್ಲ ಹೇಳಿದೆ.

"ಎಷ್ಟೊತ್ತಿಗೆ ಟ್ರೇನು?"

"ಬೆಳಿಗ್ಗೆ ಒಂಬತ್ತೂಕಾಲು."

ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಬಿಚ್ಚಿದ ಸ್ವೆಟರನ್ನು ಮತ್ತೆ ಹಾಕಿಕೊಂಡಳು.

"ನಿನ್ನ ಬೆನ್ನು ನಾನು ಉಜ್ತೀನಿ, ಬಾರೇ" ಎಂದೆ.

"ಬೇಡ." ಕೋಟಿನ ಗುಂಡಿಯನ್ನು ಮೇಲಿನಿಂದ ಕೆಳಗಿನವರೆಗೂ ಹಾಕಿಕೊಂಡು, ಪರದೆಯ ಹತ್ತಿರ ನಿಂತು ಕೇಳಿದಳು: "ಲುವಾನ್ ಅಕ್ಕಾ, ಮೂರು ವಾರ ಅವಳು ಬರಲಿಲ್ಲವಲ್ಲ. ಆಗ ನೀನೇ ಒಂದ್ಸಲ ಅವಳ ಮನೆಗೆ ಹೋಗಬಹುದಿತ್ತಲ್ಲ? ಮನೆ ಎಲ್ಲಿ ಅಂತ ಗೊತ್ತಿತ್ತಲ್ವಾ ನಿನಗೆ?"

ಗೊತ್ತಿತ್ತು. ಸ್ನಾನಗೃಹದಿಂದ ನಡೆದರೆ ಹತ್ತು ನಿಮಿಷ.